ಹಳಿ ಮುಂದೋ, ಊರು ಮುಂದೋ?

ಬೆಂಗಳೂರಿನ ಪೂರ್ವದ ಅಂಚಿನಲ್ಲಿರುವ ಕಾಡುಗೋಡಿಯಲ್ಲಿ ಎರಡು ನಿಲ್ದಾಣಗಳು ಅಕ್ಕಪಕ್ಕದಲ್ಲೇ ಇವೆ. ಒಂದು ವೈಟ್‌ಫೀಲ್ಡ್ ರೈಲು ನಿಲ್ದಾಣ. ಅದರ ಮುಂದೆ ಹಾಯುವ ಹಳಿ 1864ರದು. ಇನ್ನೊಂದು, ಎತ್ತರದ ಕಂಬಗಳ ಮೇಲೆ ನಿಂತಿರುವ ‘ನಮ್ಮ ಮೆಟ್ರೊ’ದ ಕೊನೆಯ ನಿಲ್ದಾಣ. ಅದು ಬಾಗಿಲು ತೆರೆದದ್ದು 2023ರ ಮಾರ್ಚ್ 25ರಂದು. ಎರಡರ ನಡುವೆ ಇರುವ ಅಂತರ ಕಾಲ್ನಡಿಗೆಯ ಕೆಲವು ನಿಮಿಷಗಳದ್ದು. ಕಾಲದ ಲೆಕ್ಕದಲ್ಲಿ ಮಾತ್ರ 159 ವರ್ಷ!

ಬೆಳಗಿನ ಹೊತ್ತು ಇಲ್ಲಿ ಅರ್ಧ ಗಂಟೆ ನಿಂತು ನೋಡಿದರೆ ಸಾಕು, ಮಹಾನಗರವೊಂದರ ಚರಿತ್ರೆಯೇ ಕಣ್ಣ ಮುಂದೆ ಹಾದುಹೋಗುತ್ತದೆ. ಬಂಗಾರಪೇಟೆ ಕಡೆಯ ಪ್ಯಾಸೆಂಜರ್ ಗಾಡಿಯಿಂದ ಊಟದ ಡಬ್ಬಿ ಹಿಡಿದು ಇಳಿಯುವವರು ಒಂದು ಕಡೆ. ಕುತ್ತಿಗೆಗೆ ಗುರುತಿನ ಚೀಟಿ ತೂಗುಹಾಕಿಕೊಂಡು ಮೆಟ್ರೊ ಮೆಟ್ಟಿಲಿಳಿಯುವವರು ಇನ್ನೊಂದು ಕಡೆ. ಇಬ್ಬರೂ ಹೋಗುವುದು ಹೆಚ್ಚುಕಡಿಮೆ ಅದೇ ಗಾಜಿನ ಕಟ್ಟಡಗಳಿಗೆ. ಒಬ್ಬರು ಕಂಪ್ಯೂಟರ್ ಮುಂದೆ ಕೂರಲು. ಇನ್ನೊಬ್ಬರು ಆ ಕಟ್ಟಡದ ನೆಲ ಒರೆಸಲು, ಗೇಟು ಕಾಯಲು, ಕ್ಯಾಂಟೀನಿನಲ್ಲಿ ಬಡಿಸಲು.

ಊರು ಬೆಳೆದಂತೆಲ್ಲ ಹೊರವಲಯಕ್ಕೆ ರೈಲು ಬೇಕಾಗುತ್ತದೆ ಎಂಬುದರಲ್ಲಿ ವಿವಾದವಿಲ್ಲ. ಆದರೆ ರೈಲು ಯಾವಾಗ ಬರಬೇಕು? ಜನ ಬಂದು ನೆಲೆಸುವ ಮೊದಲೋ, ನೆಲೆಸಿದ ಮೇಲೋ? ಅದರ ಖರ್ಚನ್ನು ಯಾರು ಹೊರಬೇಕು? ಈ ಪ್ರಶ್ನೆಗಳು ಹೊಸವೇನಲ್ಲ. ಒಂದೂವರೆ ಶತಮಾನದಿಂದ ಜಗತ್ತಿನ ನಾನಾ ನಗರಗಳು ಇವಕ್ಕೆ ತಮ್ಮದೇ ಉತ್ತರ ಕಂಡುಕೊಂಡಿವೆ. ಬೆಂಗಳೂರಿನ ಉತ್ತರವನ್ನು ಅರ್ಥ ಮಾಡಿಕೊಳ್ಳಬೇಕಾದರೆ ಮೊದಲು ಒಂದಿಷ್ಟು ದೂರ ಹೋಗಿ ಬರಬೇಕು.

ಲಂಡನ್ ಕಲಿಸಿದ ಪಾಠ

ಜಗತ್ತಿನ ಮೊತ್ತಮೊದಲ ಸುರಂಗ ನಗರ ರೈಲು ಲಂಡನ್ನಿನಲ್ಲಿ ಓಡಿದ್ದು 1863ರ ಜನವರಿ 10ರಂದು. ಪ್ಯಾಡಿಂಗ್‌ಟನ್‌ನಿಂದ ಫ್ಯಾರಿಂಗ್‌ಡನ್‌ವರೆಗೆ ಸುಮಾರು 6 ಕಿ.ಮೀ. ದೂರ. ಹಬೆ ಎಂಜಿನು, ಅನಿಲದ ದೀಪದ ಬೋಗಿಗಳು, ಸುರಂಗದ ತುಂಬ ಹೊಗೆ. ಆದರೂ ಜನ ಮುಗಿಬಿದ್ದು ಹತ್ತಿದರು. ಈ ಮೆಟ್ರೊಪಾಲಿಟನ್ ರೈಲ್ವೆಯ ಹೆಸರೇ ಮುಂದೆ ಮೊಟಕಾಗಿ ಲೋಕಕ್ಕೆಲ್ಲ ‘ಮೆಟ್ರೊ’ ಎಂಬ ಪದವಾಯಿತು.

ಇದಕ್ಕಾಗಿ ವರ್ಷಗಟ್ಟಲೆ ವಾದಿಸಿದವರು ಚಾರ್ಲ್ಸ್ ಪಿಯರ್‌ಸನ್ ಎಂಬ ನಗರಾಡಳಿತದ ವಕೀಲರು. ಇಕ್ಕಟ್ಟಿನ ಕೊಳೆಗೇರಿಗಳಲ್ಲಿ ಬದುಕುತ್ತಿದ್ದ ದುಡಿಯುವ ಜನ ಊರ ಹೊರಗಿನ ಗಾಳಿ ಬೆಳಕಿನ ಮನೆಗಳಲ್ಲಿದ್ದು, ಅಗ್ಗದ ರೈಲಿನಲ್ಲಿ ಕೆಲಸಕ್ಕೆ ಬಂದುಹೋಗುವಂತಾಗಬೇಕು ಎಂಬುದು ಅವರ ಆಶಯ. ರೈಲು ಓಡುವುದನ್ನು ನೋಡಲು ಅವರು ಉಳಿಯಲಿಲ್ಲ, 1862ರಲ್ಲೇ ತೀರಿಕೊಂಡರು. ಆದರೆ ಆಶಯ ಉಳಿಯಿತು. 1883ರಲ್ಲಿ ಬ್ರಿಟಿಷ್ ಸಂಸತ್ತು ‘ಅಗ್ಗದ ರೈಲುಗಳ ಕಾಯ್ದೆ’ಯನ್ನೇ ತಂದಿತು. ಕಾರ್ಮಿಕರಿಗಾಗಿ ಕಡಿಮೆ ದರದ ಗಾಡಿಗಳನ್ನು ಓಡಿಸುವ ಹೊಣೆ ಆ ಮೂಲಕ ರೈಲು ಕಂಪೆನಿಗಳ ಮೇಲೆ ಬಿತ್ತು.

ಅಷ್ಟರಲ್ಲಿ ಮೆಟ್ರೊಪಾಲಿಟನ್ ರೈಲ್ವೆ ನಗರದ ಗಡಿ ದಾಟಿ ವಾಯವ್ಯದ ಹೊಲಗದ್ದೆಗಳತ್ತ ನುಗ್ಗಿತ್ತು. 1880ರಲ್ಲಿ ಹ್ಯಾರೋ, 1885ರಲ್ಲಿ ಪಿನ್ನರ್, 1887ರಲ್ಲಿ ರಿಕ್‌ಮನ್ಸ್‌ವರ್ತ್, 1892ರಲ್ಲಿ ಐಲ್ಸ್‌ಬರಿ. ಅಲ್ಲೆಲ್ಲ ಆಗ ಇದ್ದದ್ದು ಹಳ್ಳಿಗಳು, ಹುಲ್ಲುಗಾವಲುಗಳು. ಪ್ರಯಾಣಿಕರೇ ಇಲ್ಲದ ಕಡೆ ರೈಲು ಯಾಕೆ ಎಂದು ಕೇಳಬಹುದು. ಕಂಪೆನಿಯ ಜಾಣತನ ಇದ್ದದ್ದು ಅಲ್ಲಿಯೇ. ಹಳಿಗೆಂದು ಕೊಂಡ ಜಮೀನಿನಲ್ಲಿ ಮಿಕ್ಕಿದ್ದನ್ನು ತನ್ನಲ್ಲೇ ಉಳಿಸಿಕೊಳ್ಳುವ ವಿಶೇಷ ಅವಕಾಶ ಅದಕ್ಕಿತ್ತು. 1915ರಲ್ಲಿ ಅದು ತನ್ನ ಹಳಿಗಳ ಸುತ್ತಲಿನ ಸೀಮೆಗೆ ‘ಮೆಟ್ರೊಲ್ಯಾಂಡ್’ ಎಂಬ ಆಕರ್ಷಕ ಹೆಸರಿಟ್ಟು ಪ್ರಚಾರ ಆರಂಭಿಸಿತು. 1919ರಲ್ಲಿ ಮನೆ ನಿವೇಶನಗಳ ವ್ಯವಹಾರಕ್ಕೆಂದೇ ಒಂದು ಕಂಪೆನಿ ಹುಟ್ಟಿತು. ಹೂದೋಟದ ಮನೆ, ಹತ್ತಿರದಲ್ಲೇ ನಿಲ್ದಾಣ, ಕಚೇರಿಗೆ ನೇರ ರೈಲು ಎಂಬ ಕನಸನ್ನು ಮಧ್ಯಮ ವರ್ಗಕ್ಕೆ ಮಾರಲಾಯಿತು. ಮನೆ ಕೊಂಡವನು ಮರುದಿನದಿಂದ ಅದೇ ಕಂಪೆನಿಯ ಸೀಸನ್ ಟಿಕೆಟ್ ಕೊಳ್ಳಲೇಬೇಕಲ್ಲ!

ಇದೇ ತಂತ್ರವನ್ನು ಇನ್ನೂ ಅಚ್ಚುಕಟ್ಟಾಗಿ ನಡೆಸಿ ತೋರಿಸಿದವರು ಜಪಾನಿನ ಕೊಬಾಯಾಶಿ ಇಚಿಜೊ. 1910ರಲ್ಲಿ ಒಸಾಕಾದ ಉಮೆದಾದಿಂದ ತಕರಾಜುಕಾಗೆ ಅವರ ವಿದ್ಯುತ್ ರೈಲು ಆರಂಭವಾಯಿತು. ದಾರಿ ಬದಿಯ ಇಕೆದಾದಲ್ಲಿ ಅದೇ ವರ್ಷ ಮನೆಗಳನ್ನು ಕಂತಿನ ಮೇಲೆ ಮಾರಲು ತೊಡಗಿದರು. ಬೆಳಿಗ್ಗೆ ಎಲ್ಲರೂ ಊರೊಳಕ್ಕೆ ಹೋಗುತ್ತಾರೆ, ಆ ಕಡೆಗೆ ಹೋಗುವ ಗಾಡಿ ಖಾಲಿ ಎನ್ನುವಂತಾಗಬಾರದೆಂದು ಹಳಿಯ ಹೊರತುದಿಯ ತಕರಾಜುಕಾದಲ್ಲಿ ಸ್ನಾನಗೃಹ, ಹೆಣ್ಣುಮಕ್ಕಳ ನಾಟಕ ತಂಡ ಕಟ್ಟಿದರು. ಒಳತುದಿಯ ಉಮೆದಾದಲ್ಲಿ 1929ರಲ್ಲಿ ಬಹುಮಹಡಿ ಅಂಗಡಿಯನ್ನೇ ತೆರೆದರು. ಹೀಗೆ ಎರಡೂ ದಿಕ್ಕಿಗೆ ಪ್ರಯಾಣಿಕರು ಸಿಕ್ಕರು.

ಲಂಡನ್, ಒಸಾಕಾ ಎರಡರಲ್ಲೂ ನಡೆದದ್ದು ಒಂದೇ. ಹಳಿ ಮುಂದೆ ಹೋಯಿತು, ಊರು ಹಿಂದೆ ಬಂತು. ರೈಲು ಬಂದದ್ದರಿಂದ ಭೂಮಿಯ ಬೆಲೆ ಏರಿತು. ಆ ಏರಿಕೆಯ ಒಂದು ಪಾಲು ರೈಲು ಹಾಕಿದವರ ಕೈಗೇ ಮರಳಿತು. ಓದುಗರು ಈ ಮಾತನ್ನು ನೆನಪಿನಲ್ಲಿಡಬೇಕು. ಬೆಂಗಳೂರಿನ ಕಥೆಯ ಗಂಟು ಇರುವುದು ಇಲ್ಲಿಯೇ.

ಮುಂಬಯಿಯ ಜೀವನಾಡಿ

ನಮ್ಮ ದೇಶದಲ್ಲಿ ಉಪನಗರ ರೈಲು ಎಂದೊಡನೆ ನೆನಪಾಗುವುದು ಮುಂಬಯಿ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಓಡಿದ 34 ಕಿ.ಮೀ.ಗಳ ಆ ಮೊದಲ ಪಯಣದ ಕೊನೆಯ ನಿಲ್ದಾಣ ಇಂದು ಮಹಾನಗರದ ಒಡಲೊಳಗೇ ಸೇರಿಹೋಗಿದೆ. 1925ರ ಫೆಬ್ರುವರಿ 3ರಂದು ವಿಕ್ಟೋರಿಯಾ ಟರ್ಮಿನಸ್‌ನಿಂದ ಕುರ್ಲಾಕ್ಕೆ ದೇಶದ ಮೊದಲ ವಿದ್ಯುತ್ ರೈಲು ಓಡಿತು. 1928ರ ಹೊತ್ತಿಗೆ ಪಶ್ಚಿಮದ ಹಳಿಯಲ್ಲೂ ಬೊರಿವಲಿಯವರೆಗೆ ವಿದ್ಯುತ್ ಗಾಡಿಗಳು ಬಂದವು. ಹೋಟೆಲು, ಬ್ಯಾಂಕು, ಗಿರಣಿಗಳಲ್ಲಿ ದುಡಿಯಲು ಹೋದ ಸಾವಿರಾರು ಕನ್ನಡಿಗರು ಠಾಣೆ, ಡೊಂಬಿವಲಿಗಳಲ್ಲಿ ಮನೆ ಮಾಡಲು ಸಾಧ್ಯವಾದದ್ದು ಈ ‘ಲೋಕಲ್’ಗಳಿಂದ. ಅಲ್ಲಿನ ನೂಕುನುಗ್ಗಲು ಭಯಂಕರ ಎಂಬುದು ನಿಜ. ಆದರೆ ಒಂದು ವ್ಯತ್ಯಾಸ ಗಮನಿಸಬೇಕು. ಮುಂಬಯಿಯ ಉದ್ದ ಹಳಿಯ ಉದ್ದವೇ ಆಗಿತ್ತು. ಊರು ಬೆಳೆದದ್ದು ನಿಲ್ದಾಣದಿಂದ ನಿಲ್ದಾಣಕ್ಕೆ.

ಹಳಿ ಇತ್ತು, ಗಾಡಿ ಇರಲಿಲ್ಲ

ಈಗ ನಮ್ಮೂರಿಗೆ ಬರೋಣ. ಬೆಂಗಳೂರು ಬೆಳೆದ ಮೇಲೆ ರೈಲು ಬಂತು, ಅದೇ ಎಲ್ಲ ತೊಂದರೆಗೆ ಮೂಲ ಎಂದು ಸಾಮಾನ್ಯವಾಗಿ ಹೇಳುವುದುಂಟು. ಚರಿತ್ರೆಯನ್ನು ಕೊಂಚ ಕೆದಕಿದರೆ ಬೇರೊಂದೇ ಸಂಗತಿ ಹೊರಬರುತ್ತದೆ.

ಮದ್ರಾಸ್ ರೈಲ್ವೆ ಕಂಪೆನಿ ಜೋಲಾರಪೇಟೆಯಿಂದ ಬೆಂಗಳೂರು ದಂಡಿಗೆ ಹಾಕಿದ ಹಳಿ ಸಂಚಾರಕ್ಕೆ ತೆರೆದದ್ದು 1864ರಲ್ಲಿ. ಅದು ಹಾದದ್ದು ಕಾಡುಗೋಡಿ, ಕೃಷ್ಣರಾಜಪುರಗಳ ಮೇಲೆ. ಡಿ.ಎಸ್. ವೈಟ್ ಎಂಬುವರು ಆಂಗ್ಲೋ ಇಂಡಿಯನ್ ಮತ್ತು ಯುರೇಷಿಯನ್ ಕುಟುಂಬಗಳಿಗಾಗಿ ಬೇಸಾಯದ ವಸಾಹತೊಂದನ್ನು ಕಟ್ಟಿ, ಅದಕ್ಕೆ ವೈಟ್‌ಫೀಲ್ಡ್ ಎಂಬ ಹೆಸರು ಬಂದದ್ದು 1882ರಲ್ಲಿ. ಚಾಮರಾಜ ಒಡೆಯರ್ ಅವರು ಅದಕ್ಕೆ ಸಾವಿರಾರು ಎಕರೆ ಭೂಮಿ ಕೊಟ್ಟರು. ಅಂದರೆ ವೈಟ್‌ಫೀಲ್ಡಿಗಿಂತ ಅದರ ಹಳಿ 18 ವರ್ಷ ಹಿರಿಯದು!

1877-78ರ ಭೀಕರ ಕ್ಷಾಮದ ಕಾಲದಲ್ಲಿ ಕೆಲಸ ಹಿಡಿದ ಮೈಸೂರು ಮಾರ್ಗ 1882ರಲ್ಲಿ ಪೂರ್ಣಗೊಂಡಿತು. ಕೆಂಗೇರಿ, ಬಿಡದಿಗಳಿಗೆ ರೈಲು ಸಿಕ್ಕಿತು. 1884ರಲ್ಲಿ ತುಮಕೂರಿನ ಹಳಿ ಬಂತು. ಅದು ಹಾಯುವುದು ಮಲ್ಲೇಶ್ವರದ ಮಗ್ಗುಲಲ್ಲೇ. 1898ರಲ್ಲಿ ಪ್ಲೇಗು ಮಾರಿ ಅಪ್ಪಳಿಸಿ, ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರಗೆ ತರಲು ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೆಳೆದಾಗ ಮಲ್ಲೇಶ್ವರದ ಹಳಿಗೆ ಆಗಲೇ 14 ವರ್ಷ ತುಂಬಿತ್ತು. ಮುಂದೆ ಯಲಹಂಕ, ದೊಡ್ಡಬಳ್ಳಾಪುರದ ಮೇಲೆ ಹಿಂದೂಪುರಕ್ಕೆ ಒಂದು ಹಳಿ. ದೇವನಹಳ್ಳಿಯ ಮೇಲೆ ಚಿಕ್ಕಬಳ್ಳಾಪುರಕ್ಕೆ ಒಂದು ಸಣ್ಣ ಹಳಿ. ಹೊಸೂರು ದಾಟಿ ಸೇಲಂ ಕಡೆಗೆ ಇನ್ನೊಂದು. ಭೂಪಟದಲ್ಲಿ ನೋಡಿದರೆ ಬೆಂಗಳೂರು ಅರಗಳ ನಡುವಿನ ಗುಂಬದಂತೆ ಕಾಣುತ್ತದೆ.

ಹಾಗಾದರೆ ನಮ್ಮಲ್ಲೂ ಹಳಿಯೇ ಮುಂದಿತ್ತು. ಇಲ್ಲದಿದ್ದದ್ದು ಆ ಹಳಿಯ ಮೇಲೆ ಊರಿನವರಿಗಾಗಿ ಓಡುವ ಗಾಡಿ. ಮದ್ರಾಸ್ ಮೇಲು, ಮೈಸೂರು ಪ್ಯಾಸೆಂಜರು, ಗೂಡ್ಸ್ ಗಾಡಿಗಳು ಬಂದವು, ಹೋದವು. ಹತ್ತು ನಿಮಿಷಕ್ಕೋ ಕಾಲು ಗಂಟೆಗೋ ಒಂದರಂತೆ ಊರ ಒಂದು ತುದಿಯಿಂದ ಇನ್ನೊಂದು ತುದಿಗೆ ಜನರನ್ನು ಸಾಗಿಸುವ ರೈಲು ಹುಟ್ಟಲೇ ಇಲ್ಲ. ಆಗ ಅದರ ಅಗತ್ಯವೂ ಇರಲಿಲ್ಲವೆನ್ನಿ. ಪೇಟೆಯಿಂದ ಬಸವನಗುಡಿಗೆ ಜನ ನಡೆದೇ ಹೋಗುತ್ತಿದ್ದರು. ಜಟಕಾ ಇತ್ತು, ಸೈಕಲ್ ಇತ್ತು.

ಸ್ವಾತಂತ್ರ್ಯದ ಆಸುಪಾಸಿನ ವರ್ಷಗಳಲ್ಲಿ ಬೆಂಗಳೂರು ಕೈಗಾರಿಕೆಯ ಊರಾಯಿತು. 1940ರಲ್ಲಿ ಎಚ್‌ಎಎಲ್, 1948ರಲ್ಲಿ ಐಟಿಐ, 1950ರ ದಶಕದಲ್ಲಿ ಜಾಲಹಳ್ಳಿಯ ಎಚ್‌ಎಂಟಿ, ಬಿಇಎಲ್. ಈ ಸಾರ್ವಜನಿಕ ಕಾರ್ಖಾನೆಗಳು ಊರ ಹೊರಗೇ ಹುಟ್ಟಿದವು. ಆದರೆ ಅವು ಬರುವಾಗ ತಮ್ಮೊಡನೆ ವಸತಿ ಕಾಲೊನಿಯನ್ನೂ ಕೆಲಸಗಾರರ ಬಸ್ಸುಗಳನ್ನೂ ತಂದವು. ಬೆಳಗಿನ ಜಾವ ಬೀದಿ ತಿರುವಿನಲ್ಲಿ ಕಾರ್ಖಾನೆ ಬಸ್ಸಿಗೆ ಕಾಯುವ ಕೆಲಸಗಾರರ ಸಾಲು ಅಂದಿನ ಬೆಂಗಳೂರಿನ ಪರಿಚಿತ ನೋಟ. ರೈಲಿನ ಮಾತು ಯಾರಿಗೂ ನೆನಪಾಗಲಿಲ್ಲ.

ಕಾಗದದ ಮೇಲಿನ ರೈಲು

1951ರಲ್ಲಿ ಸುಮಾರು 7.8 ಲಕ್ಷವಿದ್ದ ಬೆಂಗಳೂರಿನ ಜನಸಂಖ್ಯೆ 1981ಕ್ಕೆ 29 ಲಕ್ಷ, 1991ಕ್ಕೆ 41 ಲಕ್ಷ, 2011ಕ್ಕೆ 84 ಲಕ್ಷ. ಅರವತ್ತು ವರ್ಷಗಳಲ್ಲಿ ಹತ್ತು ಪಟ್ಟಿಗೂ ಹೆಚ್ಚು. ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಕಿಯೋನಿಕ್ಸ್ 1978ರಲ್ಲಿ ಎಲೆಕ್ಟ್ರಾನಿಕ್ಸ್ ಸಿಟಿಗೆ ಅಡಿಪಾಯ ಹಾಕಿತು. ಆರ್.ಕೆ. ಬಾಳಿಗರ ಕನಸಿನ ಕೂಸು ಅದು. 1990ರ ದಶಕದ ಕೊನೆಗೆ ವೈಟ್‌ಫೀಲ್ಡ್ ಬಳಿ ಅಂತಾರಾಷ್ಟ್ರೀಯ ಟೆಕ್ ಪಾರ್ಕ್ ತಲೆಯೆತ್ತಿತು. 2007ರಲ್ಲಿ ಏಳು ನಗರಸಭೆ, ಕೆಂಗೇರಿ ಪುರಸಭೆ ಹಾಗೂ 110 ಹಳ್ಳಿಗಳನ್ನು ಸೇರಿಸಿಕೊಂಡು ಮಹಾನಗರ ಪಾಲಿಕೆ ‘ಬೃಹತ್’ ಆಯಿತು.

ರೈಲಿನ ಯೋಚನೆ ಯಾರಿಗೂ ಹೊಳೆಯಲಿಲ್ಲ ಎಂದಲ್ಲ. ಇರುವ ಹಳಿಗಳ ಮೇಲೆ ಉಪನಗರ ಗಾಡಿ ಓಡಿಸುವ ಪ್ರಸ್ತಾಪ 1983ರಷ್ಟು ಹಿಂದಿನದು. 1994ರಲ್ಲಿ ಕಂಬಗಳ ಮೇಲೆ ಹಗುರ ರೈಲು ಓಡಿಸಲೆಂದು ಪ್ರತ್ಯೇಕ ಸಂಸ್ಥೆಯೇ ಸ್ಥಾಪನೆಯಾಯಿತು. ವರದಿಗಳು ಬಂದವು, ಸಭೆಗಳು ನಡೆದವು, ರೈಲು ಮಾತ್ರ ಬರಲಿಲ್ಲ. ಈ ನಡುವೆ ಹೊರವಲಯದ ಹೊಲಗಳು ಸೈಟುಗಳಾದವು, ಸೈಟುಗಳು ಅಪಾರ್ಟ್‌ಮೆಂಟುಗಳಾದವು. ಜನರನ್ನು ಹೊರುವ ಭಾರವೆಲ್ಲ ರಸ್ತೆಯ ಮೇಲೆ ಬಿತ್ತು.

ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರಂತೆ ಎಂಬ ಗಾದೆಗೆ ವಿಮಾನ ನಿಲ್ದಾಣಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ದೇವನಹಳ್ಳಿಯ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣ 2008ರ ಮೇ ತಿಂಗಳಲ್ಲಿ ಆರಂಭವಾಯಿತು. ಚಿಕ್ಕಬಳ್ಳಾಪುರದ ಹಳಿ ಅದರ ಸಮೀಪದಲ್ಲೇ ಇದೆ. ಅಲ್ಲೊಂದು ಪುಟ್ಟ ನಿಲುಗಡೆ ತೆರೆದದ್ದು 2021ರ ಜನವರಿಯಲ್ಲಿ! ಆಗಲೂ ಅಲ್ಲಿ ನಿಂತದ್ದು ಬೆರಳೆಣಿಕೆಯ ಗಾಡಿಗಳು.

ಮೆಟ್ರೊ ಬಂತು

2006ರ ಜೂನ್ 24ರಂದು ಅಂದಿನ ಪ್ರಧಾನಿ ಮನಮೋಹನ್ ಸಿಂಗ್ ಅವರು ‘ನಮ್ಮ ಮೆಟ್ರೊ’ಗೆ ಶಂಕುಸ್ಥಾಪನೆ ಮಾಡಿದರು. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಮಹಾತ್ಮ ಗಾಂಧಿ ರಸ್ತೆಯವರೆಗಿನ 6.7 ಕಿ.ಮೀ. ಮಾರ್ಗದಲ್ಲಿ ಮೂರು ಬೋಗಿಗಳ ರೈಲು ಓಡಿತು. ಊರಿಗೆ ಊರೇ ನೋಡಲು ನೆರೆಯಿತು. 42.3 ಕಿ.ಮೀ.ಗಳ ಮೊದಲ ಹಂತ ಮುಗಿದದ್ದು 2017ರ ಜೂನ್‌ನಲ್ಲಿ. ಅದು ಹೆಚ್ಚಾಗಿ ಹಳೆಯ ಬೆಂಗಳೂರನ್ನು ಹೆಣೆಯಿತು. ಹೊಸ ಬಡಾವಣೆಗಳ ಸರದಿ ಬಂದದ್ದು ಆಮೇಲೆ. 2021ರಲ್ಲಿ ಒಂದು ಕಡೆ ರೇಷ್ಮೆ ಸಂಸ್ಥೆ, ಇನ್ನೊಂದು ಕಡೆ ಕೆಂಗೇರಿ, 2023ರಲ್ಲಿ ವೈಟ್‌ಫೀಲ್ಡ್, 2024ರ ನವೆಂಬರ್‌ನಲ್ಲಿ ಮಾದಾವರ, 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಎಲೆಕ್ಟ್ರಾನಿಕ್ಸ್ ಸಿಟಿ ಹಾದು ಬೊಮ್ಮಸಂದ್ರ. ಒಟ್ಟು ಉದ್ದ 96 ಕಿ.ಮೀ. ಮುಟ್ಟಿತು.

ಎಲೆಕ್ಟ್ರಾನಿಕ್ಸ್ ಸಿಟಿಗೆ ಅಡಿಪಾಯ 1978ರಲ್ಲಿ, ಮೆಟ್ರೊ 2025ರಲ್ಲಿ. ನಡುವೆ 47 ವರ್ಷ. ಲಂಡನ್ನಿನ ಲೆಕ್ಕವನ್ನು ತಲೆಕೆಳಗು ಮಾಡಿದಂತಾಯಿತು.

ಇಲ್ಲೊಂದು ತಾಂತ್ರಿಕ ವಿಷಯ ಹೇಳಬೇಕು. ಹಳೆಯ ಹಳಿಗಳ ಮೇಲೆಯೇ ಮೆಟ್ರೊ ಓಡಿಸಬಹುದಿತ್ತಲ್ಲ ಎಂದು ಹಲವರು ಕೇಳುತ್ತಾರೆ. ಭಾರತೀಯ ರೈಲ್ವೆಯ ಬ್ರಾಡ್‌ಗೇಜ್ ಹಳಿಗಳ ನಡುವಿನ ಅಂತರ 1,676 ಮಿ.ಮೀ. ‘ನಮ್ಮ ಮೆಟ್ರೊ’ದ್ದು 1,435 ಮಿ.ಮೀ. ರೈಲ್ವೆಯದು ತಲೆಯ ಮೇಲಿನ ತಂತಿಯಿಂದ ಬರುವ 25,000 ವೋಲ್ಟಿನ ವಿದ್ಯುತ್ತು. ಮೆಟ್ರೊ ಹಳಿಯ ಪಕ್ಕದ ಮೂರನೆಯ ಹಳಿಯಿಂದ 750 ವೋಲ್ಟಿನ ವಿದ್ಯುತ್ತು ಪಡೆಯುತ್ತದೆ. ಒಂದರ ಗಾಡಿ ಇನ್ನೊಂದರ ಮೇಲೆ ಓಡಲಾರದು. ಅಲ್ಲದೆ ಎಕ್ಸ್‌ಪ್ರೆಸ್, ಗೂಡ್ಸ್, ಪ್ಯಾಸೆಂಜರ್ ಎಲ್ಲವೂ ಒಂದೇ ಹಳಿಯಲ್ಲಿ ಹಂಚಿಕೊಂಡು ಓಡುವಾಗ ಐದು ನಿಮಿಷಕ್ಕೊಂದು ಗಾಡಿ ಎಂಬುದು ಆಗದ ಮಾತು. ಹಿಂದಿನ ಗಾಡಿ ಮುಂದಿನದಕ್ಕೆ ದಾರಿ ಬಿಟ್ಟು ನಿಲ್ಲಲೇಬೇಕು. ಉಪನಗರ ರೈಲಿಗೆ ಪ್ರತ್ಯೇಕ ಹಳಿ ಬೇಕೆನ್ನುವುದು ಈ ಕಾರಣಕ್ಕೆ.

ಎರಡು ಕಿಲೋಮೀಟರಿನ ಮಹಿಮೆ

ವೈಟ್‌ಫೀಲ್ಡ್ ಮಾರ್ಗ ತೆರೆದ ರೀತಿಯೇ ಒಂದು ಪಾಠ. 2023ರ ಮಾರ್ಚ್‌ನಲ್ಲಿ ಕಾಡುಗೋಡಿಯಿಂದ ಕೃಷ್ಣರಾಜಪುರದವರೆಗೆ 13.71 ಕಿ.ಮೀ. ತೆರೆಯಿತು. ಊರೊಳಗಿನಿಂದ ಬರುವ ಹಳೆಯ ಮಾರ್ಗ ಬೈಯಪ್ಪನಹಳ್ಳಿಯಲ್ಲಿ ನಿಲ್ಲುತ್ತಿತ್ತು. ಎರಡರ ನಡುವೆ ಸುಮಾರು 2 ಕಿ.ಮೀ. ಬಾಕಿ. ಆ ಎರಡು ಕಿಲೋಮೀಟರಿಗಾಗಿ ಪ್ರಯಾಣಿಕರು ಕೆಳಗಿಳಿದು, ಬಸ್ಸು ಹಿಡಿದು, ಟಿನ್ ಫ್ಯಾಕ್ಟರಿ ಬಳಿಯ ದಟ್ಟಣೆಯಲ್ಲಿ ತೆವಳಿ, ಮತ್ತೆ ಮೆಟ್ಟಿಲು ಹತ್ತಬೇಕಿತ್ತು. ಅದೇ ವರ್ಷದ ಅಕ್ಟೋಬರ್ 9ರಂದು ಆ ಕೊಂಡಿ ಸೇರಿದಾಗ ಚಲ್ಲಘಟ್ಟದಿಂದ ವೈಟ್‌ಫೀಲ್ಡಿನವರೆಗೆ 43 ಕಿ.ಮೀ.ಗೂ ಹೆಚ್ಚು ಉದ್ದದ ನೇರ ಮಾರ್ಗ ಸಿದ್ಧವಾಯಿತು. ತುಂಡು ಹಳಿ ತುಂಡು ದಾರದ ಹಾಗೆ. ಗಂಟು ಹಾಕಿದ ಮೇಲೆಯೇ ಭಾರ ಹೊರುವುದು.

2025ರ ಆಗಸ್ಟ್ 11ರಂದು, ಬೊಮ್ಮಸಂದ್ರ ಮಾರ್ಗ ಸಾರ್ವಜನಿಕರಿಗೆ ತೆರೆದ ಮೊದಲ ದಿನವೇ, ಮೆಟ್ರೊ ಪ್ರಯಾಣಿಕರ ಸಂಖ್ಯೆ 10 ಲಕ್ಷ ದಾಟಿತು. ಆ ಮಾರ್ಗದಲ್ಲಿ ಆಗ ಇದ್ದದ್ದು ಮೂರೇ ರೈಲುಗಳು, ಎರಡು ಗಾಡಿಗಳ ನಡುವೆ 25 ನಿಮಿಷ! ಕಂಬ, ಸೇತುವೆ, ನಿಲ್ದಾಣ ಸಿದ್ಧವಾಗಿದ್ದರೂ ರೈಲಿನ ಬೋಗಿಗಳು ಬಾರದೆ ಮಾರ್ಗ ಬಹುಕಾಲ ಕಾದಿತ್ತು. ಜನ ಮಾತ್ರ ಕಾಯುವುದಕ್ಕೆ ಪಳಗಿಬಿಟ್ಟಿದ್ದರು.

ಬೆಲೆ ಏರಿದ್ದು ಯಾರಿಗೆ?

ಮೆಟ್ರೊಲ್ಯಾಂಡಿನ ಲೆಕ್ಕಕ್ಕೆ ಈಗ ಮರಳೋಣ. ಲಂಡನ್ನಿನಲ್ಲಿ, ಒಸಾಕಾದಲ್ಲಿ ರೈಲು ಹಾಕಿದವರೇ ಭೂಮಿಯ ಒಡೆಯರೂ ಆಗಿದ್ದರು. ಬೆಂಗಳೂರಿನಲ್ಲಿ ಮೆಟ್ರೊ ಬರುವ ಹೊತ್ತಿಗೆ ದಾರಿಯುದ್ದಕ್ಕೂ ಕಟ್ಟಡಗಳೆದ್ದಾಗಿತ್ತು. ನಿಲ್ದಾಣಕ್ಕೆ ಬೇಕಾದ ಅಂಗೈಯಗಲ ಜಾಗವನ್ನೂ ಪೇಟೆಯ ಬೆಲೆಗೆ ಕೊಳ್ಳಬೇಕಾಯಿತು. ಅತ್ತ ಮೆಟ್ರೊ ಬರುತ್ತದೆ ಎಂಬ ಸುದ್ದಿ ಹಬ್ಬಿದ್ದೇ ತಡ, ‘ಮೆಟ್ರೊಗೆ ಐದೇ ನಿಮಿಷ’ ಎಂಬ ಜಾಹೀರಾತುಗಳು ಶುರುವಾದವು. ಏರಿದ ಬೆಲೆ ಸೇರಿದ್ದು ಸೈಟು, ಫ್ಲ್ಯಾಟು ಮಾರಿದವರ ಗಂಟಿಗೆ. ಬಾಡಿಗೆಯ ಏರಿಕೆ ಬಿದ್ದದ್ದು ಬಾಡಿಗೆದಾರರ ತಲೆಗೆ. ಮೆಟ್ರೊ ನಿಗಮಕ್ಕೆ ಉಳಿದದ್ದು ಸಾಲ ಮತ್ತು ಟಿಕೆಟ್ಟು.

2025ರ ಫೆಬ್ರುವರಿ 9ರಂದು ಮೆಟ್ರೊ ದರ ಏರಿತು. ಗರಿಷ್ಠ ದರ 60 ರೂಪಾಯಿಯಿಂದ 90 ರೂಪಾಯಿಗೆ ಹೋಯಿತು. ರಿಯಾಯಿತಿ ಬಿಟ್ಟು ಲೆಕ್ಕ ಹಾಕಿದರೆ, ಈ ದರದಲ್ಲಿ ಹೋಗಿಬರುವವರಿಗೆ ದಿನಕ್ಕೆ 180 ರೂಪಾಯಿ. ತಿಂಗಳಿಗೆ 25 ದಿನ ಎಂದರೆ 4,500. ಸಾಫ್ಟ್‌ವೇರ್ ಉದ್ಯೋಗಿಗೆ ಇದು ಕಾರಿನ ಪೆಟ್ರೋಲಿಗಿಂತ ಅಗ್ಗ. ಬೊಮ್ಮಸಂದ್ರದ ಗಾರ್ಮೆಂಟ್ಸ್ ಕೆಲಸಗಾರ್ತಿಗೆ? 2023ರ ಜೂನ್‌ನಿಂದ ರಾಜ್ಯದ ಮಹಿಳೆಯರಿಗೆ ಸರ್ಕಾರಿ ಸಾಮಾನ್ಯ ಬಸ್ಸು ಉಚಿತ. ತಲೆಯ ಮೇಲೆ ಮೆಟ್ರೊ ತಣ್ಣಗೆ ಓಡುತ್ತಿದ್ದರೂ ಆಕೆ ಕೆಳಗೆ ಬಸ್ಸಿಗೆ ಕಾದು ನಿಲ್ಲುವುದರಲ್ಲಿ ಆಶ್ಚರ್ಯವೇನಿದೆ? ಚಾರ್ಲ್ಸ್ ಪಿಯರ್‌ಸನ್ ರೈಲಿಗಾಗಿ ವಾದಿಸಿದ್ದು ಇಂಥವರ ಪರವಾಗಿ ಎಂಬುದನ್ನು ಇಲ್ಲಿ ನೆನೆಯಬೇಕು.

ದರ ಏರಿಸಬಾರದು ಎನ್ನುವುದು ಸುಲಭ. ಸಾಲ ತೀರಿಸಬೇಕು, ಗಾಡಿ ಕೊಳ್ಳಬೇಕು, ಸಂಬಳ ಕೊಡಬೇಕು. ಟಿಕೆಟ್ಟಿನಿಂದಲ್ಲದೆ ಬೇರೆಲ್ಲಿಂದ ಹಣ ತರಬೇಕು ಎಂಬ ಪ್ರಶ್ನೆಗೆ ಉತ್ತರ ಹಳೆಯ ಚರಿತ್ರೆಯಲ್ಲೇ ಇದೆ. ರೈಲಿನಿಂದ ಬೆಲೆ ಏರಿದ ಭೂಮಿಯಿಂದ ತರಬೇಕು. ಊರು ಕಟ್ಟಿಯಾದ ಮೇಲೆ ಅದು ಕಷ್ಟ. ಆದರೆ ಇನ್ನೂ ಕಟ್ಟದ ಕಡೆ ಆ ಅವಕಾಶ ಮುಗಿದಿಲ್ಲ. 2024ರ ಆಗಸ್ಟ್‌ನಲ್ಲಿ ಕೇಂದ್ರ ಒಪ್ಪಿದ ಮೂರನೆಯ ಹಂತದ 44.65 ಕಿ.ಮೀ.ಗಳಲ್ಲಿ ಒಂದು ಮಾರ್ಗ ಮಾಗಡಿ ರಸ್ತೆಯ ಕಡಬಗೆರೆಗೆ ಹೋಗುತ್ತದೆ. ಸೈಟುಗಳ ಪಟ್ಟಿ ಅಲ್ಲಿ ಈಗಲೇ ಬೆಳೆಯುತ್ತಿದೆ. ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕುವುದಕ್ಕಿಂತ, ಈಗಲೇ ಎಚ್ಚೆತ್ತರೆ ಒಳಿತು.

ಉಪನಗರ ರೈಲಿನ ಕಥೆ

ಕಾಡುಗೋಡಿಯ ಆ ಇನ್ನೊಂದು ನಿಲ್ದಾಣವನ್ನು ಮರೆಯುವಂತಿಲ್ಲ. ಕೋಲಾರ ಚಿನ್ನದ ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿತು. ನೂರು ವರ್ಷಕ್ಕೂ ಮಿಕ್ಕಿ ನೆಲದೊಳಗೆ ಇಳಿದು ದುಡಿದ ಜನರ ಮಕ್ಕಳು ಅಂದಿನಿಂದ ಬೆಂಗಳೂರಿನ ರೈಲು ಹತ್ತಿದರು. ಮಾರಿಕುಪ್ಪಂ, ಬಂಗಾರಪೇಟೆಗಳಿಂದ ನಸುಕಿನಲ್ಲಿ ಹೊರಡುವ ಗಾಡಿಗಳಲ್ಲಿ ನಿಲ್ಲಲೂ ಜಾಗವಿರುವುದಿಲ್ಲ. ಬಂಗಾರಪೇಟೆ ಬೆಂಗಳೂರಿನಿಂದ ಸುಮಾರು 70 ಕಿ.ಮೀ. ದೂರ. ತಿಂಗಳಿಗೆ ಕೆಲವು ನೂರು ರೂಪಾಯಿಯ ಸೀಸನ್ ಪಾಸಿನ ಬಲದ ಮೇಲೆ ಒಂದಿಡೀ ಪಟ್ಟಣ ಬದುಕುಳಿದಿದೆ ಎಂದರೆ ಉತ್ಪ್ರೇಕ್ಷೆಯಲ್ಲ. ಮಂಡ್ಯ, ರಾಮನಗರ, ತುಮಕೂರು, ದೊಡ್ಡಬಳ್ಳಾಪುರಗಳಿಂದಲೂ ಹೀಗೆಯೇ ಬರುವವರಿದ್ದಾರೆ. ಮುಂಬಯಿಯಲ್ಲಿರುವಂಥ ಉಪನಗರ ಸೇವೆ ಬೆಂಗಳೂರಿಗಿಲ್ಲ. ಉಪನಗರ ಪ್ರಯಾಣಿಕರು ಮಾತ್ರ ಎಂದಿನಿಂದಲೋ ಇದ್ದಾರೆ.

ಇವರಿಗಾಗಿಯೇ ಇರಬೇಕಾದ ಯೋಜನೆಗೆ 2020ರ ಅಕ್ಟೋಬರ್‌ನಲ್ಲಿ ಕೇಂದ್ರದ ಒಪ್ಪಿಗೆ ದೊರೆಯಿತು. ನಾಲ್ಕು ಮಾರ್ಗ, 148 ಕಿ.ಮೀ., 15,767 ಕೋಟಿ ರೂಪಾಯಿ. ಮಾರ್ಗಗಳಿಗೆ ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಎಂದು ಹೂವಿನ ಹೆಸರುಗಳು. ಮೆಜೆಸ್ಟಿಕ್‌ನಿಂದ ದೇವನಹಳ್ಳಿಗೆ ಸಂಪಿಗೆ. ಬೈಯಪ್ಪನಹಳ್ಳಿಯಿಂದ ಚಿಕ್ಕಬಾಣಾವರಕ್ಕೆ ಮಲ್ಲಿಗೆ. ಕೆಂಗೇರಿಯಿಂದ ವೈಟ್‌ಫೀಲ್ಡಿಗೆ ಪಾರಿಜಾತ. ಎಲೆಕ್ಟ್ರಾನಿಕ್ಸ್ ಸಿಟಿಗೆ ಸಮೀಪದ ಹೀಲಲಿಗೆಯಿಂದ ಯಲಹಂಕದಾಚೆಯ ರಾಜಾನುಕುಂಟೆಗೆ ಕನಕ. ಅಂದರೆ ಹಳೆಯ ಹಳಿಗಳ ಅದೇ ದಾರಿಗಳು. ಬಹುಪಾಲು ರೈಲ್ವೆಯದೇ ಭೂಮಿ ಇರುವುದರಿಂದ ಖರ್ಚು ಕಡಿಮೆ. ಮಂಜೂರಾತಿಯ ಅಂಕಿಗಳನ್ನೇ ಭಾಗಿಸಿ ನೋಡಿದರೆ ಕಿಲೋಮೀಟರಿಗೆ ಸುಮಾರು 106 ಕೋಟಿ. ಮೆಟ್ರೊ ಮೂರನೆಯ ಹಂತದ 15,611 ಕೋಟಿಯನ್ನು ಹಾಗೆಯೇ ಭಾಗಿಸಿದರೆ ಸುಮಾರು 350 ಕೋಟಿ.

2022ರ ಜೂನ್ 20ರಂದು ಪ್ರಧಾನಿ ನರೇಂದ್ರ ಮೋದಿ ಅವರು ಶಂಕುಸ್ಥಾಪನೆ ಮಾಡಿದಾಗ ಹೇಳಿದ ಗಡುವು 40 ತಿಂಗಳು. ಅದು 2025ರ ಅಕ್ಟೋಬರ್‌ಗೆ ಮುಗಿಯಿತು. ಆ ಹೊತ್ತಿಗೆ ನಾಲ್ಕರಲ್ಲಿ ಒಂದು ಹೂವೂ ಅರಳಿರಲಿಲ್ಲ. ಮೆಟ್ರೊ ತಡವಾದರೆ ದೊಡ್ಡ ಗದ್ದಲವಾಗುತ್ತದೆ, ಸುದ್ದಿಯಾಗುತ್ತದೆ, ಆಗಲೇಬೇಕು. ಉಪನಗರ ರೈಲು ತಡವಾದರೆ ಅಷ್ಟು ಸದ್ದು ಕೇಳಿಸುವುದಿಲ್ಲ. ಅದಕ್ಕಾಗಿ ಕಾಯುವವರು ನಸುಕಿನ ಗಾಡಿ ಹತ್ತಿ ರಾತ್ರಿ ಮನೆ ಸೇರುವವರು. ಗದ್ದಲ ಮಾಡಲು ಅವರಿಗೆ ಪುರುಸೊತ್ತೆಲ್ಲಿ?

ಮುಂದಿನ ಕಾಡುಗೋಡಿ

ನಗರದ ಅಂಚು ಈಗ ಕಾಡುಗೋಡಿಯಲ್ಲೂ ಬೊಮ್ಮಸಂದ್ರದಲ್ಲೂ ನಿಂತಿಲ್ಲ. ಹೊಸಕೋಟೆ, ಬಿಡದಿ, ದೇವನಹಳ್ಳಿ, ಅತ್ತಿಬೆಲೆಗಳತ್ತ ಸಾಗಿದೆ. ಬಿಡದಿಗೆ, ದೇವನಹಳ್ಳಿಗೆ ನೂರು ವರ್ಷದ ಹಿಂದೆಯೇ ಹಳಿ ಬಂದಿದೆ. ಅಲ್ಲಿ ನಾಳೆ ಬಂದು ನೆಲೆಸುವ ಲಕ್ಷಾಂತರ ಜನರಿಗೆ ಇಂದೇ ಗಾಡಿ ಓಡಿಸಿದರೆ, ನಿಲ್ದಾಣದ ಸುತ್ತ ಮನೆ, ಶಾಲೆ, ಸಂತೆ ಎದ್ದೀತು. ಓಡಿಸದಿದ್ದರೆ ಹೆದ್ದಾರಿಯ ಸುತ್ತ ಏಳುತ್ತದೆ. ಆಮೇಲೆ ನಲವತ್ತು ವರ್ಷ ಕಳೆದು, ಆ ಹೆದ್ದಾರಿಯ ನಟ್ಟನಡುವೆ ಕಂಬ ನೆಟ್ಟು, ಕಿಲೋಮೀಟರಿಗೆ ನೂರಾರು ಕೋಟಿ ಸುರಿಯಬೇಕಾಗುತ್ತದೆ. ವೈಟ್‌ಫೀಲ್ಡಿನಲ್ಲಿ ನಾವು ಮಾಡಿದ್ದು ಅದನ್ನೇ.

ಸಂಜೆ ಕಾಡುಗೋಡಿಯಲ್ಲಿ ಮತ್ತೆ ಅದೇ ನೋಟ. ಮೆಟ್ರೊ ಮೆಟ್ಟಿಲಿಳಿದ ಕೆಲವರು ಅವಸರದಲ್ಲಿ ರೈಲು ನಿಲ್ದಾಣದ ಕಡೆ ಓಡುತ್ತಾರೆ. ಬಂಗಾರಪೇಟೆಯ ಗಾಡಿ ತಪ್ಪಿದರೆ ಮುಂದಿನದಕ್ಕೆ ಬಹಳ ಹೊತ್ತು ಕಾಯಬೇಕು. ಹಿಂದೆ, ಎತ್ತರದ ಹಳಿಯ ಮೇಲೆ, ಐದು ನಿಮಿಷ ಕಳೆಯುವಷ್ಟರಲ್ಲಿ ಇನ್ನೊಂದು ಮೆಟ್ರೊ ಬಂದು ನಿಲ್ಲುತ್ತದೆ.